ಕಮಲಿಯ ಹೆಸರಿನಲ್ಲಿ ಮೂವತ್ತು ಗಂಟೆ

ತಿಂಗಳ ಸಂಬಳದವಳಾದ ದಿನ ನನಗೊಂದು ಕುರ್ಚಿ ಕೊಟ್ಟರು. ಅದಕ್ಕೆ ಹಿಂದಿನ ಆರು ವರ್ಷ ನಾನು ಕೂತದ್ದು ಗೇಣೆತ್ತರದ ಮಣೆಯ ಮೇಲೆ, ಹೊನ್ನಾವರ ಬಂದರಿನ ಪಕ್ಕದ ಸಿಗಡಿ ಶೆಡ್ಡಿನಲ್ಲಿ, ಕಮಲಿಯ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ಕುರ್ಚಿ ಮರದ್ದು, ಕೈಗಳಿರುವಂಥದ್ದು, ಒಳ್ಳೆಯದೇ. ಆದರೆ ಅದರಲ್ಲಿ ಒಬ್ಬರೇ ಕೂರಬೇಕು ಎನ್ನುವುದು ನನ್ನ ದಡ್ಡ ತಲೆಗೆ ಆವತ್ತು ಹೊಳೆಯಲಿಲ್ಲ.

ಎಪ್ಪತ್ತೊಂಬತ್ತನೆಯ ಇಸವಿ, ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಹೊತ್ತು. ಟ್ರಾಲರುಗಳು ತಂದ ಸಿಗಡಿಯ ತಲೆ ಮುರಿದು, ಚಿಪ್ಪು ಸುಲಿದು, ಐಸಿನಲ್ಲಿ ಹಾಕಿ ಲಾರಿ ಹತ್ತಿಸುವುದು ನಮ್ಮ ಶೆಡ್ಡಿನ ಕೆಲಸ. ಎಪ್ಪತ್ತು ಹೆಂಗಸರಿದ್ದೆವು. ನಾನು, ಕಮಲಿ ಸೇರಿ ಹೆಚ್ಚಿನವರು ಹೊಳೆಯಾಚೆಯ ಕಾಸರಕೋಡಿನವರು, ದಿನವೂ ತಾರಿ ದೋಣಿ ಹತ್ತಿ ಬರುವವರು. ಬೇರೆ ಶೆಡ್ಡುಗಳಲ್ಲಿ ಬೋಗುಣಿಗೆ ಇಷ್ಟು ಎಂದು ಕೂಲಿ ಕೊಡುತ್ತಿದ್ದರು, ನಮ್ಮಲ್ಲಿ ಗಂಟೆಯ ಲೆಕ್ಕ. ಬೆಳಿಗ್ಗೆ ಮೊದಲ ಬುಟ್ಟಿ ಮೇಜಿನ ಮೇಲೆ ಬಿದ್ದಾಗ ಶುರು, ಸಂಜೆ ಐದೂವರೆಗೆ ಸೈರನ್ ಆದಾಗ ಮುಕ್ತಾಯ. ಟ್ರಾಲರ್ ತಡವಾದರೆ ಬೋಟು ನಿಲ್ಲುವ ಧಕ್ಕೆಯ ಕಟ್ಟೆಯ ಮೇಲೆ ಕಾಯುತ್ತ ಕೂರಬೇಕು, ಆ ಕಾದದ್ದು ಯಾವ ಗಂಟೆಗೂ ಸೇರುವುದಿಲ್ಲ. ನಾವು ಬಾಯಿತುಂಬ ಬೈಯುತ್ತಿದ್ದೆವು. ಆದರೆ ನಿಜ ಹೇಳಬೇಕೆಂದರೆ ಬಿಟ್ಟಿ ಕಾದ ಆ ಹೊತ್ತೇ ನನ್ನ ದಿನದ ಒಳ್ಳೆಯ ಹೊತ್ತು. ಒಬ್ಬರ ಸಂಚಿಯಿಂದ ಒಬ್ಬರು ಎಲೆಯಡಿಕೆಯ ಕವಳ ಹಾಕಿಕೊಂಡು, ಯಾರದೋ ಅತ್ತೆಯ ಅಣಕ ಮಾಡಿಕೊಂಡು, ಕಮಲಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಟ್ರಾಲರ್ ಬರುವುದೇ ಬೇಡ ಅನಿಸುತ್ತಿತ್ತು.

ನನ್ನ ಮನೆಯಲ್ಲಿ ಮಾತಾಡುವವರು ಇರಲಿಲ್ಲ. ಗಂಡ ಗೋವೆಯ ಬೋಟಿಗೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಹೋದರೆ ಹೋಗಲಿ, ನೆಟ್ಟಗೆ ಉಣ್ಣಲೂ ಬಾರದ ಗಂಡಸು. ಅಪ್ಪ ತೀರಿಹೋದ ಮೇಲೆ ಬಾಗಿಲು ತೆಗೆಯುವವಳೂ ನಾನೇ, ಹಾಕುವವಳೂ ನಾನೇ. ಹಾಗಾಗಿ ಶೆಡ್ಡು ನನಗೆ ಬರೇ ಕೂಲಿಯಾಗಿರಲಿಲ್ಲ.

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೆ. ಹಾಜರಿ ಬರೆಯುತ್ತಿದ್ದ ಮನುಷ್ಯ ಮುಂಬಯಿಗೆ ಹೋದಾಗ ಮ್ಯಾನೇಜರು ಶಾಂತಾರಾಮ ಹೆಗಡೆಯವರು ನನ್ನನ್ನು ಕರೆದರು. ಘಟ್ಟದ ಬುಡದ ತೋಟದ ಮನೆಯವರು, ಮೂವತ್ತೈದರ ಒಳಗಿನ ಪ್ರಾಯ, ಬಿ.ಕಾಂ. ಓದಿದವರು. ಬೆಳಿಗ್ಗೆ "ಸುಬ್ಬಿ, ಬಾ ಇಲ್ಲಿ" ಎಂದವರು, ಕಾಗದಕ್ಕೆ ನನ್ನ ಸಹಿ ಬಿದ್ದ ಮೇಲೆ "ಕೂತ್ಕೊಳ್ಳಿ" ಎಂದರು.

"ಒಂದು ಮಾತು ತಲೆಯಲ್ಲಿಟ್ಕೊಳ್ಳಿ," ಎಂದರು. "ಗಂಟೆಯ ಕೂಲಿಯವರಿಗೆ ಗಡಿಯಾರ ಉಂಟು. ಸೈರನ್ ಆದ ಮೇಲೆ ಒಂದು ನಿಮಿಷ ಕೂರಿಸಿದರೂ ಕೂಲಿ ಕೊಡ್ಬೇಕು. ತಿಂಗಳ ಸಂಬಳದವರು ಸ್ಟಾಫು. ನಮಗೆ ಕೆಲಸ ಉಂಟು, ಗಡಿಯಾರ ಇಲ್ಲ."

ಅವರು 'ನಮಗೆ' ಎಂದದ್ದು ಸುಳ್ಳಲ್ಲ. ಹೆಂಡತಿ ಮಗುವನ್ನು ಊರಲ್ಲಿ ಬಿಟ್ಟು ಶೆಡ್ಡಿನ ಮೇಲಿನ ಕೋಣೆಯಲ್ಲೇ ಇರುತ್ತಿದ್ದರು. ಲಾರಿ ಬಂದಾಗ ಏಳುವುದು, ಲಾರಿ ಹೋದಾಗ ಮಲಗುವುದು. ಅದಕ್ಕೇ ನನಗೆ ಅವರ ಮೇಲೆ ಸರಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ.

ಗಡಿಯಾರ ಇಲ್ಲ ಎಂದರೆ ಏನು ಎಂಬುದು ಮೊದಲ ಸಂಜೆಯೇ ತಿಳಿಯಿತು. ಸೈರನ್ ಆಯಿತು, ಹೆಂಗಸರು ಎದ್ದು ಕೈ ತೊಳೆದರು, ಮೇಜಿನ ಮೇಲೆ ನಾಲ್ಕೈದು ಬುಟ್ಟಿ ಸಿಗಡಿ ಉಳಿದಿತ್ತು. ಬೆಳಿಗ್ಗೆವರೆಗೆ ಇಟ್ಟರೆ ಕಪ್ಪಾಗುತ್ತದೆ. ಅದನ್ನು ಸುಲಿಯಲು ಕೂಲಿಯವರನ್ನು ಕೂರಿಸಿದರೆ ಗಂಟೆ ಬರೆಯಬೇಕು, ನಾನು ಕೂತರೆ ಬರೆಯಬೇಕಿಲ್ಲ. ಅದೇ ಸಿಗಡಿ, ಅದೇ ಕೈ. ಐದೂವರೆಯಿಂದ ಎಂಟರ ಕೊನೆಯ ತಾರಿಯವರೆಗೆ ದಿನಕ್ಕೆ ಎರಡೂವರೆ ಗಂಟೆ ನಾನೊಬ್ಬಳೇ ಆ ಉದ್ದನೆಯ ಶೆಡ್ಡಿನಲ್ಲಿ ಕೂತು ಸುಲಿಯುತ್ತಿದ್ದೆ. ನನ್ನ ಉಗುರಿನ ಸದ್ದು ನನಗೇ ಕೇಳುತ್ತಿತ್ತು.

ಹೆಂಗಸರು ನನ್ನನ್ನು 'ಅಕ್ಕೋರು' ಎಂದು ಕರೆಯತೊಡಗಿದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಹಾಗೆನ್ನುವುದು. ಮೊದಲ ದಿನ ತಮಾಷೆ. ನಾನೂ ಹಲ್ಲು ಬಿಟ್ಟೆ. ಎಂಟು ದಿನ ಕಳೆದ ಮೇಲೂ ಅದೇ ಹೆಸರು, ಆದರೆ ಯಾರೂ ನಗಲಿಲ್ಲ. ಮಧ್ಯಾಹ್ನ ಅವರೆಲ್ಲ ಸುತ್ತ ಕೂತು ಗಂಜಿಯ ಡಬ್ಬಿ ಬಿಚ್ಚಿದಾಗ ನಾನು ಹೋದರೆ ಸರಿದು ಜಾಗ ಕೊಡುತ್ತಿದ್ದರು, ಮಾತು ಮಾತ್ರ ನಿಲ್ಲುತ್ತಿತ್ತು. ತಪ್ಪು ಅವರದ್ದೇ ಎನ್ನುವಂತಿಲ್ಲ. ಯಾರು ಹತ್ತು ನಿಮಿಷ ತಡವಾಗಿ ಬಂದರು, ಯಾರು ಎದ್ದು ಹೋಗಿ ಮಗುವಿಗೆ ಹಾಲು ಕೊಟ್ಟು ಬಂದರು ಎಂದು ಬರೆಯುವವಳ ಎದುರು ಯಾರು ಬಾಯಿ ಬಿಡುತ್ತಾರೆ? ನಾನು ಕುರ್ಚಿಯಲ್ಲೇ ಉಣ್ಣತೊಡಗಿದೆ. ಕಮಲಿಯೂ 'ಅಕ್ಕೋರು' ಎಂದ ದಿನ ಊಟ ಸೇರಲಿಲ್ಲ, ಮೀನಿಗೆ ಚೆಲ್ಲಿದೆ.

ಡಿಸೆಂಬರಿನಲ್ಲಿ ಮಾಲೀಕರ ಕಡೆಯಿಂದ ಹೊಸ ಕಾನೂನು ಬಂತು. ಹದಿನೈದು ದಿನದ ಹಾಜರಿ ಹಾಳೆಯಲ್ಲಿ ಯಾರ ಹೆಸರಿನ ಮುಂದೆ ಮೂವತ್ತು ಗಂಟೆ ಕಾಣುವುದಿಲ್ಲವೋ ಅವಳ ನಂಬರಿನ ಬಿಲ್ಲೆ ಕಿತ್ತು ಬೇರೆಯವಳಿಗೆ ಕೊಡುವುದು. ಮೊದಲು ಹೋದದ್ದು ತಿಮ್ಮಿಯ ಬಿಲ್ಲೆ. ಮಗಳ ಬಾಣಂತನಕ್ಕೆಂದು ಮಂಕಿಗೆ ಹೋಗಿ ಹತ್ತು ದಿನ ಉಳಿದಿದ್ದಳು. ಅವಳ ಹೆಸರು ಓದಿದವಳು ನಾನು, ಮೊಳೆಯಿಂದ ಬಿಲ್ಲೆ ತೆಗೆದವಳೂ ನಾನು. "ನಾ ಎಂತ ಮಾಡೂಕೆ ಆತದೆ ತಿಮ್ಮಿ, ಕಾನೂನು," ಎಂದೆ. ಆಮೇಲೆ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಪೇಟೆಯಲ್ಲಿ ಮೀನು ಮಾರುತ್ತಿದ್ದದ್ದನ್ನು ಎರಡು ಸಲ ಕಂಡೆ. ಎರಡೂ ಸಲ ನಾನೇ ರಸ್ತೆ ದಾಟಿ ಆಚೆ ಬದಿಗೆ ಹೋದೆ.

ಜನವರಿಯ ಹಾಳೆ ಶುರುವಾಗುವ ಮೂರು ದಿನ ಮೊದಲು ಕಮಲಿಯ ಬಲಗೈಗೆ ಸಿಗಡಿಯ ಮೂಗಿನ ಮುಳ್ಳು ಚುಚ್ಚಿತು. ಅದು ದಿನಾ ಚುಚ್ಚುವುದೇ, ಯಾರೂ ಲಕ್ಷ್ಯ ಮಾಡುವುದಿಲ್ಲ. ಈ ಸಲ ಮುಳ್ಳು ಒಳಗೇ ಮುರಿದು ಕೈ ಬಾತುಕೊಂಡಿತು. ಕಮಲಿಯ ಪಕ್ಕದ ಮನೆಯ ನಾಗಿ ಸುದ್ದಿ ತಂದಳು, ನನಗಲ್ಲ, ಉಳಿದವರಿಗೆ. ಕುರ್ಚಿಯಲ್ಲಿ ಕೂತು ನಾನು ಕೇಳಿಸಿಕೊಂಡೆ.

ಆ ರಾತ್ರಿ ಹೋಗಲಿಲ್ಲ, ಮರುದಿನ ರಾತ್ರಿ ತಾರಿ ಇಳಿದವಳು ಮನಸ್ಸು ತಡೆಯದೆ ಅವಳ ಮನೆಗೆ ಹೋದೆ. ಅವಳ ಗಂಡ ದಾಸ ಜಗಲಿಯಲ್ಲಿ ಬಲೆಗೆ ತೇಪೆ ಹಾಕುತ್ತಿದ್ದ. ಅತ್ತೆ ನನಗೆ ಮಣೆ ಕೊಟ್ಟು ಚಾ ಮಾಡಲು ಎದ್ದಳು. ಆ ಮನೆಯಲ್ಲಿ ನನಗೆ ಯಾವತ್ತೂ ಯಾರೂ ಮಣೆ ಕೊಟ್ಟವರಲ್ಲ. ಕಮಲಿ ಮೂಲೆಯಲ್ಲಿ ಮಲಗಿದ್ದಳು, ಕೈ ಮೊಣಕೈಯವರೆಗೆ ದಪ್ಪಗಾಗಿತ್ತು. ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದಿದ್ದರು.

"ಎಷ್ಟು ದಿನ ಅಂದ್ರು?" ಎಂದೆ.

"ಹದಿನೈದು." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು. "ಅಕ್ಕೋರೆ, ನನ್ನ ಬಿಲ್ಲೆ ಹೋತದಾ?"

ದಾಸ ಬಲೆಯಿಂದ ಕಣ್ಣೆತ್ತಿದ. ಅವನಿಗೆ ಆ ವರ್ಷ ಸರಿಯಾದ ದುಡಿಮೆಯಿರಲಿಲ್ಲ, ಮನೆ ನಡೆಯುತ್ತಿದ್ದದ್ದು ಆ ಬಿಲ್ಲೆಯ ಮೇಲೆ.

"ನಾ ನೋಡ್ಕಣ್ತೆ," ಎಂದೆ. ಹೇಗೆ ನೋಡಿಕೊಳ್ಳುವುದು ಎಂದು ನನಗೇ ಗೊತ್ತಿರಲಿಲ್ಲ.

ದಾರಿ ತೋರಿಸಿದವನು ನನ್ನ ಅಪ್ಪ, ಸತ್ತು ವರ್ಷವಾಗಿದ್ದರೂ. ಅಪ್ಪ ಗಣಪ ರಂಪಣಿಯ ತಾಂಡೇಲ, ಎಂದರೆ ಎಳೆಯುವವರ ಮುಖಂಡನಾಗಿದ್ದ. ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಐವತ್ತರವತ್ತು ಜನ ಒಟ್ಟಾಗಿ ಎಳೆಯುವಂಥದ್ದು. ಅಲ್ಲಿ ಕೂಲಿಯಿಲ್ಲ, ಸಂಬಳವಿಲ್ಲ, ಗಂಟೆಯಂತೂ ಯಾರೂ ಕೇಳಿದವರಿಲ್ಲ. ಬಂದ ಮೀನನ್ನು ದಡದ ಹೊಯ್ಗೆಯ ಮೇಲೆ ಪಾಲು ಹಾಕುವುದು. ಮೊದಲು ದೇವರ ಪಾಲು, ಆಮೇಲೆ ಜಡ್ಡಾಗಿ ಮಲಗಿದವರ ಪಾಲು, ಅದಾದ ಮೇಲೆಯೇ ಎಳೆದವರದ್ದು. "ಬಲೆಯಲ್ಲಿ ಅವಂದೂ ಒಂದು ತುಂಡದೆ. ಅಂವ ಮಲಗಿದ ಅಂತ ಬಲೆ ಮಲಗ್ತದಾ?" ಎನ್ನುತ್ತಿದ್ದ ಅಪ್ಪ. ಯಂತ್ರದ ಬೋಟುಗಳು ಬಂದ ಮೇಲೆ ಅವನ ರಂಪಣಿ ಮನೆಯ ಅಟ್ಟದಲ್ಲಿ ಇಲಿಗಳ ಪಾಲಾಯಿತು.

ನಾನು ಲೆಕ್ಕ ಹಾಕಿದೆ. ಸೈರನ್ ಆದ ಮೇಲೆ ನಾನು ದುಡಿಯುವುದು ದಿನಕ್ಕೆ ಎರಡೂವರೆ ಗಂಟೆ. ಆ ದುಡಿಮೆ ಯಾರ ಹೆಸರಿನಲ್ಲೂ ಇಲ್ಲ, ಯಾವ ಹಾಳೆಯಲ್ಲೂ ಇಲ್ಲ. ಎರಡು ಆದಿತ್ಯವಾರ, ಬೋಟು ಬಾರದ ಒಂದು ದಿನ ಬಿಟ್ಟರೆ ಹಾಳೆಗೆ ಹನ್ನೆರಡು ದಿನ. ಹನ್ನೆರಡು ಎರಡೂವರೆ ಮೂವತ್ತು. ಅಷ್ಟು ಸರಿಯಾಗಿ ಕೂಡಿ ಬಂದದ್ದು ಕಂಡು ಮಹಾಗಣಪತಿಯೇ ಬರೆಸುತ್ತಿದ್ದಾನೆ ಎನಿಸಿತು. ದಿನವೂ ಸಂಜೆ ಸುಲಿದು ಮುಗಿಸಿ, ಕೈ ತೊಳೆದು, ಕಮಲಿಯ ನಲವತ್ತೆರಡನೆಯ ನಂಬರಿನ ಮುಂದೆ ಎರಡೂವರೆ ಎಂದು ಬರೆಯತೊಡಗಿದೆ. ಸಿಗಡಿ ಕಡಿಮೆ ಬಂದ ದಿನಗಳಲ್ಲಿ ಎಲ್ಲರ ಮುಂದೆಯೂ ಎರಡು ಮೂರು ಗಂಟೆಯೇ ಇರುತ್ತಿತ್ತು, ಹಾಗಾಗಿ ಯಾರ ಕಣ್ಣಿಗೂ ಹೊಡೆಯುವಂಥದ್ದಲ್ಲ. ಒಂದು ನಿಮಿಷವೂ ಹೆಚ್ಚು ಬರೆಯಲಿಲ್ಲ. ಕೆಲಸ ಆಗಿತ್ತು, ಸಿಗಡಿ ಐಸಿಗೆ ಹೋಗಿತ್ತು. ಇದರಲ್ಲಿ ಮೋಸ ಎಲ್ಲಿದೆ ತೋರಿಸಿ ಎಂದು ಯಾರ ಹತ್ತಿರವಾದರೂ ಜಗಳ ಕಾಯಲು ಸಿದ್ಧವಾಗಿದ್ದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಸಂಜೆಗಳಲ್ಲಿ ನಾನು ಒಬ್ಬಳೇ ಇದ್ದೇನೆ ಅನಿಸಲಿಲ್ಲ. ಕಮಲಿಯ ಕೈ ನನ್ನ ಕೈಯೊಳಗೇ ಕೂತು ಸುಲಿಯುತ್ತಿತ್ತು.

ಬಟವಡೆಯ ದಿನ ಹೆಗಡೆಯವರು ಜಗಲಿಯಲ್ಲಿ ನಿಂತು ಒಬ್ಬೊಬ್ಬರ ಹೆಸರು, ಗಂಟೆ ಕೂಗಿ ಹೇಳಿ ಕೂಲಿ ಕೊಡುವುದು ವಾಡಿಕೆ. ಅದನ್ನು ನಾನು ಮರೆತೇಬಿಟ್ಟಿದ್ದೆ.

"ನಲವತ್ತೆರಡು, ಕಮಲಿ. ಮೂವತ್ತು ಗಂಟೆ."

ನೆರೆದ ಹೆಂಗಸರ ಗುಜುಗುಜು ಒಮ್ಮೆಲೇ ನಿಂತಿತು. ಕಮಲಿ ಹಾಸಿಗೆ ಹಿಡಿದದ್ದು ಅಲ್ಲಿ ಗೊತ್ತಿಲ್ಲದವರು ಹೆಗಡೆಯವರೊಬ್ಬರೇ.

"ಇವತ್ತು ಬರ್ಲಿಲ್ಲ ಅವಳು," ಎಂದೆ.

"ಹಾಗಾದ್ರೆ ನೀವೇ ಮುಟ್ಟಿಸಿ," ಎಂದು ಲಕೋಟೆ ನನ್ನ ಕೈಗೆ ಕೊಟ್ಟು ನಲವತ್ತಮೂರು ಎಂದು ಕೂಗಿದರು. ಒಬ್ಬಳೂ ಬಾಯಿ ಬಿಡಲಿಲ್ಲ. ಮ್ಯಾನೇಜರಿಗೆ ನಮ್ಮವರು ನಮ್ಮವರನ್ನು ಬಿಟ್ಟುಕೊಡುವುದಿಲ್ಲ. ಅದನ್ನು ಕಂಡು ನನಗೆ ಎಷ್ಟು ಹಿಗ್ಗಾಯಿತೆಂದರೆ, ನಾನು ಇನ್ನೂ ಅವರಲ್ಲೊಬ್ಬಳು ಎಂದುಕೊಂಡೆ.

ಆ ಸಂಜೆ ಲಕೋಟೆ ಕೊಟ್ಟಾಗ ಕಮಲಿ ಕಣ್ಣರಳಿಸಿದಳು. "ಮಲಗಿದೋಳಿಗೂ ಕೊಡ್ತ್ರಾ?" ಎಂದಳು. "ನಿನ್ನ ಪಾಲು, ತಕಾ," ಎಂದೆ. ಹೆಚ್ಚು ಹೇಳಲಿಲ್ಲ. ಅವಳು ನನ್ನನ್ನು ಉಣ್ಣದೆ ಬಿಡಲಿಲ್ಲ. ಎಡಗೈಯಲ್ಲೇ ಸೌಟು ಹಿಡಿದು ಬಡಿಸಿದಳು, ನಾನು ಅವಳಿಗೆ ತುತ್ತು ಕಲಸಿ ಕೊಟ್ಟೆ, ಇಬ್ಬರೂ ಗೋವೆಯ ನನ್ನ ಗಂಡನ ಹೊಸ ಹೆಂಡತಿಯನ್ನು ನೆನೆದು ನಕ್ಕೆವು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾನೊಬ್ಬಳೇ ಮಾತಾಡಿಕೊಂಡು ಹೋದೆ, ಅಷ್ಟು ಖುಷಿಯಾಗಿತ್ತು.

ಮರುದಿನ ಮಧ್ಯಾಹ್ನ ಧೈರ್ಯ ಮಾಡಿ ಡಬ್ಬಿ ಹಿಡಿದು ಅವರ ಸುತ್ತಿಗೆ ಹೋಗಿ ಕೂತೆ. ನಾಗಿ ತುತ್ತು ಕೆಳಗಿಟ್ಟಳು.

"ಒಂದು ಮಾತು ಕೇಳ್ತೆ ಅಕ್ಕೋರೆ. ಕಮಲಿ ಮೂವತ್ತು ಗಂಟೆ ಯಾರು ದುಡದ್ರು?"

"ನಾ ದುಡದೆ. ಸೈರನ್ ಆದ ಮೇಲೆ. ನನ್ನ ಗಂಟೆ, ನಾ ಕೊಟ್ಟೆ." ಆಮೇಲೆ ಅಪ್ಪನ ಮಾತು ಹೇಳಿದೆ, ಜಡ್ಡಾದವರ ಪಾಲಿನ ಮಾತು. ಅವರೆಲ್ಲರ ಅಪ್ಪಂದಿರೂ ಅದೇ ಬಲೆ ಎಳೆದವರು. ಹೇಳಿದರೆ ಸಾಕು, ಅರ್ಥವಾಗುತ್ತದೆ ಎಂದುಕೊಂಡಿದ್ದೆ.

"ನಿನ್ನ ಅಪ್ಪ ಪಾಲು ಹಾಕ್ತಿದ್ದದ್ದು ಹೊಯ್ಗೆ ಮೇಲೆ," ಎಂದಳು ನಾಗಿ. "ಎಲ್ಲರ ಕಣ್ಣೆದುರಿಗೆ, ಹೆಸರು ಕೂಗಿ. ಯಾರಿಗಾದ್ರೂ ಇಲ್ಲ ಅಂದ್ರೆ ಅಲ್ಲೇ ಕೇಳೂಕೆ ಆಗ್ತಿತ್ತು. ನೀ ಹಾಕಿದ್ದು ಎಲ್ಲಿ? ಒಬ್ಬಳೇ ಕೂತು, ಪುಸ್ತಕದೊಳಗೆ. ತಿಮ್ಮಿ ಬಿಲ್ಲೆ ಕೀಳುವಾಗ ನಿನ್ನ ಕೈಯಲ್ಲಿ ಗಂಟೆ ಇರಲಿಲ್ವಾ? ಅವಳೂ ಬಲೆ ಎಳದೋರ ಮಗಳೇ ಅಲ್ದಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಬಾಯಿಗೆ ಬಂದದ್ದು ಅಂದುಬಿಡುವವಳು. ಆವತ್ತು ಸಿಟ್ಟೇ ಬರಲಿಲ್ಲ, ಏಕೆಂದರೆ ನಾಗಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜಡ್ಡಾದವರ ಪಾಲು ಎಂದು ನಾನು ಹೆಸರು ಕೊಟ್ಟದ್ದಷ್ಟೇ. ಕೊಟ್ಟದ್ದು ನನಗೆ ಬೇಕಾದವಳಿಗೆ, ಅವಳು ಮತ್ತೆ ನನ್ನವಳಾಗಲಿ ಎಂದು. ಡಬ್ಬಿ ಮುಚ್ಚಿಕೊಂಡು ಕುರ್ಚಿಗೆ ಬಂದೆ.

ಮುಂದಿನ ಸೋಮವಾರ ಕಮಲಿ ಬಂದಳು. ಕೈ ಒಣಗಿತ್ತು, ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ನಾಗಿ ಎಲ್ಲ ಹೇಳಿದ್ದಾಳೆ ಎಂದು ಮುಖ ನೋಡಿದೊಡನೆ ತಿಳಿಯಿತು. ಊಟದ ಹೊತ್ತಿಗೆ ಎಲ್ಲರ ನಡುವೆ ಎದ್ದು ನಿಂತು, ನನ್ನ ಕಡೆ ನೋಡದೆ ಹೇಳಿದಳು.

"ಅಕ್ಕೋರ ಮೂವತ್ತು ಗಂಟೆ ನಾ ತಿಂದೆ. ಗೊತ್ತಿಲ್ಲದೆ ತಿಂದೆ. ಸೈರನ್ ಆದ ಮೇಲೆ ಕೂತು ತಿರುಗಿ ಕೊಡ್ತೆ. ಎಲ್ಲರೂ ಕೇಳಿ ಇಟ್ಕಣಿ."

ಬೇಡ ಎನ್ನಲು ನಾನು ಎದ್ದೆ, ಅಷ್ಟರಲ್ಲಿ ಅವಳು ಕೂತು ಉಣ್ಣತೊಡಗಿದ್ದಳು. ಅವಳ ಪಕ್ಕ ನಾಗಿ ಸರಿದು ಜಾಗ ಮಾಡಿದಳು.

ಆ ಸಂಜೆ ಸೈರನ್ ಆಯಿತು, ಅರವತ್ತೊಂಬತ್ತು ಜನ ಎದ್ದರು, ಕಮಲಿ ಏಳಲಿಲ್ಲ. ನನ್ನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಏಳು ಗಂಟೆಯ ತಾರಿಯವರೆಗೆ ಒಂದೂವರೆ ಗಂಟೆ, ತುಟಿಪಿಟಕ್ ಎನ್ನದೆ ಸುಲಿದಳು. ಏಳುವಾಗ "ಎಷ್ಟು ಉಳೀತು?" ಎಂದು ಕೇಳಿದಳು.

"ಇಪ್ಪತ್ತೆಂಟೂವರೆ," ಎಂದೆ.

ಎರಡನೆಯ ಸಂಜೆಯೂ ಹಾಗೆಯೇ, ಮೂರನೆಯದೂ. ನಾಲ್ಕನೆಯ ಸಂಜೆ ಬೆರಳು ಬಿಗಿದು ನೋವಾಗಿರಬೇಕು, "ಹಾಳು ಮುಳ್ಳು" ಎಂದಳು. ನಾನು ಎದ್ದು ಹೋಗಿ ಚಾದ ನೀರು ಕಾಯಿಸುವ ಒಲೆಯಿಂದ ಬಿಸಿನೀರು ತಂದೆ. ಕೈ ಅದರಲ್ಲಿ ಅದ್ದಿಕೊಂಡು ಕೂತಳು. ಆವತ್ತಿನಿಂದ ಒಂದೆರಡು ಮಾತು ಬರತೊಡಗಿದವು. ಚಿಕ್ಕ ಮಗಳು ಶಾಲೆಗೆ ಹೋಗಲು ಅಳುತ್ತಾಳೆ, ದಾಸ ತೆಂಗಿನಗುಂಡಿ ಬಂದರಿನ ಬೋಟೊಂದಕ್ಕೆ ಹೋಗುವ ಯೋಚನೆಯಲ್ಲಿದ್ದಾನೆ, ಅತ್ತೆಗೆ ಕಣ್ಣು ಮಂಜು. ನನ್ನ ಹೆಸರು ಹಿಡಿಯುತ್ತಿರಲಿಲ್ಲ, ಅಕ್ಕೋರು ಎಂದೂ ಅನ್ನುತ್ತಿರಲಿಲ್ಲ. ಹತ್ತನೆಯ ಸಂಜೆಯ ಹೊತ್ತಿಗೆ ನಾವು ಮಣೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆವು. ಹಗಲೆಲ್ಲ ಅವಳು ಅವರ ಜೊತೆ, ಉಣ್ಣುವುದು ಅವರ ಜೊತೆ. ಆ ಒಂದೂವರೆ ಗಂಟೆ ಮಾತ್ರ ನನ್ನದು. ನಾನು ಬೆಳಿಗ್ಗೆ ಎದ್ದಲ್ಲಿಂದ ಸೈರನ್ ಆಗುವುದನ್ನೇ ಕಾಯುತ್ತಿದ್ದೆ.

ಒಂದು ಸಂಜೆ ಹೆಗಡೆಯವರು ಕೆಳಗಿಳಿದು ಬಂದರು. "ಏನಮ್ಮ, ನಿನ್ನ ಟೈಮು ಮುಗೀತಲ್ಲ. ಇದಕ್ಕೆ ಗಂಟೆ ಬರೆಯೋದಿಲ್ಲ," ಎಂದರು.

"ಬರೀಬೇಡಿ," ಎಂದಳು ಕಮಲಿ, ತಲೆಯೆತ್ತದೆ.

ಅವರಿಗೆ ಸಂತೋಷವಾಯಿತು. ಮರುದಿನ ನನ್ನನ್ನು ಕರೆದು, "ನೋಡಿ, ಕೆಲಸದ ಮೇಲೆ ಪ್ರೀತಿ ಅಂದ್ರೆ ಹಾಗಿರಬೇಕು. ಉಳಿದವರನ್ನೂ ದಿನಕ್ಕೆ ಅರ್ಧ ಗಂಟೆ ಕೂರಿಸಿ. ನೀವು ಹೇಳಿದ್ರೆ ಕೂರ್ತಾರೆ," ಎಂದರು.

ಆಗ ನನ್ನ ಸಿಟ್ಟು ಬಂತು, ಬರಬೇಕಾದ ಹೊತ್ತಿಗೇ ಬಂತು. "ಹೆಗಡೇರೆ, ನಂದು ತಿಂಗಳ ಸಂಬಳ. ನನ್ನ ಹೊತ್ತು ಎಷ್ಟು ಬೇಕಾದ್ರೂ ತಿನ್ನಿ, ನಾ ಕೇಳೂದಿಲ್ಲ. ಅವರದ್ದು ಗಂಟೆ ಲೆಕ್ಕ. ಅವರ ಒಂದು ನಿಮಿಷ ಬಿಟ್ಟಿ ತಕಂಡ್ರೂ ಅದು ಕದ್ದ ಹಾಗೆ. ನನ್ನ ಕೈಲಿ ಆಗೂದಿಲ್ಲ." ಅವರು "ಆಯ್ತು, ಬಿಡಿ," ಎಂದು ಮೆಟ್ಟಿಲು ಹತ್ತಿದರು. ನನ್ನ ಮಾತಿಗೆ ನಾನೇ ಹೆಮ್ಮೆಪಟ್ಟೆ.

ದಿನಗಳು ಕಳೆದವು. ಒಂದೂವರೆಯಂತೆ ಇಪ್ಪತ್ತು ಸಂಜೆಗೆ ಮೂವತ್ತು ಗಂಟೆ. ಇಪ್ಪತ್ತನೆಯ ಸಂಜೆ ಕಮಲಿ ಹುಣಸೆಹಣ್ಣು ಹಚ್ಚಿ ಕೈ ತೊಳೆಯುತ್ತ ಎಂದಿನಂತೆ ಕೇಳಿದಳು.

"ಎಷ್ಟು ಉಳೀತು?"

ನಾನು ಹಾಳೆಯ ಮೇಲೆ ಬೆರಳಿಟ್ಟು ನೋಡಿದಂತೆ ಮಾಡಿದೆ. ಅವಳಿಗೆ ಓದಲು ಬಾರದು.

"ಇನ್ನೂ ಮೂರು ಗಂಟೆ ಅದೆ," ಎಂದೆ.

ಅವಳು ನನ್ನ ಮುಖ ನೋಡಿದಳು. "ಆತು," ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಆ ಎಂಟರ ತಾರಿಯಲ್ಲಿ, ಅಂಬಿಗ ಜಟ್ಟ ಎಂದಿನಂತೆ ಬೆನ್ನು ಹಾಕಿ ಬಿದಿರಿನ ಜಲ್ಲೆ ಊರುತ್ತಿದ್ದಾಗ, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಐದು ತಿಂಗಳು ಹಾಜರಿ ಬರೆದಿದ್ದೆ, ಕಮಲಿಯ ಹೆಸರಿನಲ್ಲಿ ಬರೆದದ್ದೂ ದುಡಿದ ಗಂಟೆಯೇ ಆಗಿತ್ತು. ಇದೊಂದು ಮಾತ್ರ ಸುಳ್ಳು. ಹೆಗಡೆಯವರಿಗೆ ಕೊಡದೆ ಉಳಿಸಿದ್ದನ್ನು ನಾನೇ ಕದ್ದೆ. ನಾಚಿಕೆಯಾಯಿತು, ಆದರೆ ನಾಳೆಯೂ ಅವಳು ಕೂರುತ್ತಾಳೆ ಎಂಬ ಸುಖ ಅದಕ್ಕಿಂತ ದೊಡ್ಡದಾಗಿತ್ತು. ಇಷ್ಟಕ್ಕೆ ಬಂತೇ ನನ್ನ ಗತಿ ಎಂದು ಅಳುವೂ ಬಂತು.

ಮರುದಿನ ಕೂತಳು. "ಇನ್ನು ಒಂದೂವರೆ," ಎಂದೆ. ಅದರ ಮರುದಿನವೂ ಕೂತಳು. ಆವತ್ತು ನಾನು ಇನ್ನೊಂದು ಸುಳ್ಳನ್ನು ನಾಲಿಗೆಯ ತುದಿಯಲ್ಲಿ ಸಿದ್ಧಮಾಡಿ ಇಟ್ಟುಕೊಂಡಿದ್ದೆ, ಕೂಡುವಾಗ ಎಲ್ಲೋ ತಪ್ಪಿತ್ತು, ಇನ್ನೂ ಸ್ವಲ್ಪ ಉಳಿದಿದೆ ಎಂದು. ಅವಳು ಕೇಳಲಿಲ್ಲ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನನ್ನ ಎದುರು ಬಂದು ನಿಂತಳು.

"ಮೊನ್ನೆಗೇ ಮುಗ್ದಿತ್ತು, ಸುಬ್ಬಿ."

ನಾಲ್ಕೈದು ತಿಂಗಳಿನಿಂದ ಆ ಹೆಸರನ್ನು ಯಾರ ಬಾಯಿಂದಲೂ ನಾನು ಕೇಳಿರಲಿಲ್ಲ.

"ಓದೂಕೆ ಬರೂದಿಲ್ಲ ಅಂದ್ರೆ ಎಣಿಸೂಕೂ ಬರೂದಿಲ್ಲ ಅಂತ ಮಾಡ್ಕಂಡ್ಯಾ? ಮದುವೆಗಿಂತ ಮೊದಲಿಂದ ಬುಟ್ಟಿ ಹೊತ್ತು ಬಂಗಡೆ ಎಣಿಸಿ ಮಾರಿದೋಳು ನಾ."

"ಗೊತ್ತಿದ್ದೂ ಎಂತಕ್ಕೆ ಕೂತೆ?"

"ನೀ ಬಾಯಿ ಬಿಟ್ಟು ಹೇಳ್ತ್ಯೇನೋ ಅಂತ. ನಿನ್ನೆ ಕಾದೆ, ಇವತ್ತೂ ಕಾದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. "ಕಮಲಿ, ಒಂದು ಗಳಿಗೆ ಕೂತ್ಕ ಅಂದಿದ್ರೆ ಬಿಟ್ಟಿ ಕೂರ್ತಿದ್ದೆ. ಯಾರು ಎಂತ ಅಂದ್ರೂ ಕೂರ್ತಿದ್ದೆ. ನೀ ಅದನ್ನ ಹೇಳೂದು ಬಿಟ್ಟು ಗಂಟೆ ಬರದೆ. ಕೊಡೂಕೂ ಗಂಟೆ, ಇಟ್ಕಂಬೂಕೂ ಗಂಟೆ."

ಬುಟ್ಟಿ ತೆಗೆದುಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತಳು. ಹೊಳೆಯ ಕಡೆಯಿಂದ ಜಟ್ಟ ಕೊನೆಯ ಕೂಗು ಹಾಕುತ್ತಿದ್ದ, ಏಳರ ತಾರಿ ಹೊರಡುವುದರಲ್ಲಿತ್ತು. ಆದರೂ ಅವಳು ನಿಂತಿದ್ದಳು, ಬೆನ್ನು ನನಗೆ ಹಾಕಿ, ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿಟ್ಟು. ಎಂತಕ್ಕೆ ನಿಂತಿದ್ದಾಳೆ ಎಂಬುದು ಕುರುಡರಿಗೂ ಗೊತ್ತಾಗುವಂತಿತ್ತು. ಕೂತ್ಕ ಎಂಬ ಒಂದೇ ಮಾತು ಸಾಕಿತ್ತು. ಊರಲ್ಲಿ ಬಾಯಿಬಡಕಿ ಎಂದು ಹೆಸರಾದವಳು ನಾನು, ಮ್ಯಾನೇಜರಿಗೇ ಎದುರು ಮಾತಾಡಿದವಳು.

"ತಾರಿ ತಪ್ಪಿ ಹೋತದೆ," ಎಂದೆ. "ಹೋಗು."

ಅವಳು ಹೋದಳು. ಮೇಜಿನ ಮೇಲೆ ಇನ್ನೂ ಎರಡು ಬುಟ್ಟಿ ಸಿಗಡಿ ಇತ್ತು, ನಾನು ಸುಲಿಯಲು ಕೂತೆ.